'ರ‍್ಯಾಂಕ್' ಬರೆಯಲು ಒಂದು ಕೀಲಿ: ಡೆಬಿಯನ್ ಪ್ಯಾಕೇಜಿನ ಸೋರ್ಸ್ ಹುಡುಕಿ ಕಟ್ಟಿದ ಕೆಲಸ

ಕನ್ನಡದಲ್ಲಿ 'ಸೂರ್ಯ' ಟೈಪ್ ಮಾಡುವುದು ಸುಲಭ. ರ, ಹಲಂತ, ಯ ಒತ್ತಿದರೆ ಅರ್ಕಾವತ್ತು ತಾನಾಗಿಯೇ ಬಂದು ಕೂರುತ್ತದೆ. 'ರ‍್ಯಾಂಕ್' ಬರೆಯಲು ಹೋದಾಗ ತೊಂದರೆ ಶುರು. ಅದೇ ಮೂರು ಕೀಲಿ ಒತ್ತಿದರೆ 'ರ್ಯಾಂಕ್' ಅಂತ ಬರುತ್ತದೆ. ರ‍್ಯಾಲಿ, ರ‍್ಯಾಕ್, ರ‍್ಯಾಗಿಂಗ್, ಎಲ್ಲದರ ಕಥೆಯೂ ಇದೇ. ಇವು ಸರಿಯಾಗಿ ಮೂಡಬೇಕಾದರೆ ರ ಮತ್ತು ಹಲಂತದ ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಇರಬೇಕು. ಅದೇ ಜೀರೋ ವಿಡ್ತ್ ಜಾಯ್ನರ್, ಯೂನಿಕೋಡ್ ಸಂಖ್ಯೆ 200ಡಿ. ಕ್ರಮವೂ ತಪ್ಪಬಾರದು: ಮೊದಲು ರ, ಆಮೇಲೆ ಜಾಯ್ನರ್, ಆಮೇಲೆ ಹಲಂತ, ಕೊನೆಗೆ ಯ. ಜಾಯ್ನರ್ ಹಲಂತದ ಆಚೆಗೆ ಹೋದರೆ ಯಾವ ಫಾಂಟ್ ಏನು ತೋರಿಸುತ್ತದೆ ಎಂದು ನೆಚ್ಚುವಂತಿಲ್ಲ.

ನಾನು ನೋಡಿಕೊಳ್ಳುವ ಒಂದು ಪುಟ್ಟ ವಾಚನಾಲಯದಲ್ಲಿ ಕೆಲವು ಹಳೆಯ ಕಂಪ್ಯೂಟರ್‌ಗಳಿವೆ. ಎಲ್ಲದರಲ್ಲೂ ಡೆಬಿಯನ್ ಎಂಬ ಲಿನಕ್ಸ್. ಅಲ್ಲಿ ಟೈಪ್ ಮಾಡುವವರು ಇನ್‌ಸ್ಕ್ರಿಪ್ಟ್ 2 ಎಂಬ ಕೀಲಿ ವಿನ್ಯಾಸ ಬಳಸುತ್ತಾರೆ. ಕಾಣದ ಅಕ್ಷರವನ್ನು ಸರಿಯಾದ ಜಾಗದಲ್ಲಿ ಇಡು ಎಂದು ಅವರಿಗೆಲ್ಲ ಪಾಠ ಹೇಳುವ ಬದಲು, ಮೊದಲ ಮೂರನ್ನೂ ಒಂದೇ ಕೀಲಿಗೆ ಕಟ್ಟಿಕೊಡುವುದು ಒಳ್ಳೆಯದು ಅಲ್ವಾ? ಆಮೇಲೆ ಯ ಒತ್ತಿದರೆ 'ರ‍್ಯ' ಬರಬೇಕು. ಇಷ್ಟೇ ಬೇಕಾಗಿದ್ದದ್ದು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದಂತೆ ಕನ್ನಡದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್ ಅಕ್ಷರಗಳಲ್ಲೇ ಟೈಪ್ ಮಾಡಬೇಕು.

ಮೊದಲ ಪ್ರಶ್ನೆ: ಈ ಕೀಲಿ ವಿನ್ಯಾಸ ಇರುವುದಾದರೂ ಎಲ್ಲಿ?

ಒತ್ತಿದ ಕೀಲಿಗಳನ್ನು ಕನ್ನಡ ಅಕ್ಷರವಾಗಿಸುವ ತಂತ್ರಾಂಶ ಐಬಸ್. 'ಐಬಸ್ ಲಿಸ್ಟ್-ಎಂಜಿನ್' ಕೊಟ್ಟರೆ ಇರುವ ಎಲ್ಲ ಇನ್‌ಪುಟ್ ವಿಧಾನಗಳ ಪಟ್ಟಿ ಬರುತ್ತದೆ. ಅದರಲ್ಲಿ ಕನ್ನಡದ ಇನ್‌ಸ್ಕ್ರಿಪ್ಟ್ 2 ಇರುವ ಸಾಲು 'ಎಂ17ಎನ್' ಎಂದು ಶುರುವಾಗುತ್ತದೆ. ಹಾಗಾದರೆ ಐಬಸ್-ಎಂ17ಎನ್ ಪ್ಯಾಕೇಜಿನಲ್ಲಿ (ಡೆಬಿಯನ್ ತಂತ್ರಾಂಶವನ್ನು ಕೊಡುವ ಕಂತೆಯೇ ಪ್ಯಾಕೇಜ್) ಹುಡುಕಬೇಕು ಅನ್ನಿಸುವುದು ಸಹಜ. ಆದರೆ 'ಡಿಪಿಕೆಜಿ ಹೈಫನ್ ದೊಡ್ಡ ಎಲ್' ಕೊಟ್ಟು ಆ ಪ್ಯಾಕೇಜಿನ ಫೈಲ್‌ಗಳನ್ನು ನೋಡಿದರೆ, ಕನ್ನಡದ ಕೀಲಿಗಳ ಸುಳಿವೇ ಇಲ್ಲ. ಅದು ಬರೀ ಮಧ್ಯವರ್ತಿ. ಅದು ಯಾರನ್ನು ಅವಲಂಬಿಸಿದೆ ಎಂದು 'ಆಪ್ಟ್-ಕ್ಯಾಶ್ ಡಿಪೆಂಡ್ಸ್' ಕೇಳಿದರೆ ದಾರಿ ಕಾಣುತ್ತದೆ. ಒಂದು ಲೈಬ್ರರಿ, ಜೊತೆಗೆ ಎಂ17ಎನ್-ಡಿಬಿ ಅನ್ನುವ ಪ್ಯಾಕೇಜ್. ವಿನ್ಯಾಸಗಳೆಲ್ಲ ಇರುವುದು ಈ ಡಿಬಿಯಲ್ಲಿ. ಯುಎಸ್‌ಆರ್, ಅದರೊಳಗೆ ಶೇರ್, ಅದರೊಳಗೆ ಎಂ17ಎನ್ ಫೋಲ್ಡರ್ ತೆರೆದರೆ ಭಾಷೆಗೊಂದರಂತೆ, ವಿನ್ಯಾಸಕ್ಕೊಂದರಂತೆ 'ಮಿಮ್' ಎಂದು ಕೊನೆಯಾಗುವ ಫೈಲ್‌ಗಳ ಸಾಲೇ ಇದೆ. ಕೆಎನ್ ಎಂದು ಶುರುವಾಗುವವು ನಮ್ಮವು.

ಹಿಂದುಮುಂದಾಗಿಯೂ ಹೋಗಬಹುದು. ಫೈಲ್ ಗೊತ್ತಿದ್ದರೆ 'ಡಿಪಿಕೆಜಿ ಹೈಫನ್ ದೊಡ್ಡ ಎಸ್' ಕೊಟ್ಟು ಅದರ ಪೂರ್ತಿ ದಾರಿ ಬರೆದರೆ ಸಾಕು, ಯಾವ ಪ್ಯಾಕೇಜಿನದು ಎಂದು ಹೇಳುತ್ತದೆ. ಇದರಲ್ಲಿ ಒಂದು ತೊಡಕಿದೆ, ಬಹಳ ಜನ ಇಲ್ಲೇ ನಿಂತುಬಿಡುತ್ತಾರೆ. ಡೆಬಿಯನ್ 12ರಲ್ಲಿ 'ವಿಚ್ ಎಲ್‌ಎಸ್' ಕೇಳಿದರೆ ಎಲ್‌ಎಸ್ ಕಮಾಂಡ್ ಯುಎಸ್‌ಆರ್ ಒಳಗಿನ ಬಿನ್‌ನಲ್ಲಿದೆ ಎಂದು ಉತ್ತರ ಬರುತ್ತದೆ. ಆ ದಾರಿಯನ್ನು ಡಿಪಿಕೆಜಿಗೆ ಕೊಟ್ಟರೆ, ಅಂಥ ಫೈಲ್ ಯಾವ ಪ್ಯಾಕೇಜಿನದೂ ಅಲ್ಲ ಎನ್ನುತ್ತದೆ. ಕಾರಣ ಸರಳ. ಹೊರಗಿನ ಬಿನ್ ಎಂಬುದು ಈಗ ಯುಎಸ್‌ಆರ್ ಒಳಗಿನ ಬಿನ್‌ಗೆ ಕೊಂಡಿ ಮಾತ್ರ. ಆದರೆ ಎಲ್‌ಎಸ್ ಇರುವ 12ರ ಕೋರ್‌ಯುಟಿಲ್ಸ್ ಪ್ಯಾಕೇಜ್ ತನ್ನ ಪಟ್ಟಿಯಲ್ಲಿ ಹಳೆಯ ದಾರಿಯನ್ನೇ ಬರೆದುಕೊಂಡಿದೆ. ಡಿಪಿಕೆಜಿ ಅಕ್ಷರಕ್ಕೆ ಅಕ್ಷರ ಹೋಲಿಸುತ್ತದೆ, ಕೊಂಡಿ ಹಿಡಿದು ಹೋಗುವುದಿಲ್ಲ. ಪೂರ್ತಿ ದಾರಿ ಬಿಟ್ಟು ಬರೀ 'ಬಿನ್/ಎಲ್‌ಎಸ್' ಎಂದು ಕೇಳಿದರೆ ಸಿಗುತ್ತದೆ. 2025ರ ಆಗಸ್ಟ್‌ನಲ್ಲಿ ಬಂದ ಡೆಬಿಯನ್ 13ರ ಹೊತ್ತಿಗೆ ಇದನ್ನು ಸರಿಮಾಡಿದ್ದಾರೆ. ಇನ್‌ಸ್ಟಾಲ್ ಆಗದೇ ಇರುವ ಪ್ಯಾಕೇಜಿನ ಫೈಲ್ ಹುಡುಕಬೇಕಾದರೆ ಆಪ್ಟ್-ಫೈಲ್ ಹಾಕಿಕೊಳ್ಳಿ.

ಇನ್ನೊಂದು ವಿಷಯ. ನಾವು ಇನ್‌ಸ್ಟಾಲ್ ಮಾಡುವ ಪ್ಯಾಕೇಜಿನ ಹೆಸರು ಮತ್ತು ಅದರ ಸೋರ್ಸ್, ಅಂದರೆ ಅದನ್ನು ಕಟ್ಟಿದ ಮೂಲ ಕೋಡ್ ಇರುವ ಪ್ಯಾಕೇಜಿನ ಹೆಸರು ಒಂದೇ ಆಗಬೇಕಿಲ್ಲ. ಟರ್ಮಿನಲ್‌ನಲ್ಲಿ ದಿನಾಂಕ ಕನ್ನಡದಲ್ಲಿ ಬರುವುದು ಲೊಕೇಲ್ಸ್ ಪ್ಯಾಕೇಜಿನಿಂದ. ಅದರ ಸೋರ್ಸ್ ಹುಡುಕಿದರೆ ಜಿಲಿಬ್‌ಸಿ ಅನ್ನುವ ದೊಡ್ಡ ಮರದಡಿ ಹೋಗಿ ನಿಲ್ಲುತ್ತೀರಿ. 'ಆಪ್ಟ್ ಶೋ' ಕೊಟ್ಟಾಗ 'ಸೋರ್ಸ್' ಎಂಬ ಸಾಲು ಕಂಡರೆ ಅದೇ ಮೂಲದ ಹೆಸರು. ಆ ಸಾಲು ಇಲ್ಲದಿದ್ದರೆ ಎರಡೂ ಹೆಸರು ಒಂದೇ. ಎಂ17ಎನ್-ಡಿಬಿಗೆ ಈ ಗೊಂದಲವಿಲ್ಲ.

ಈಗ ಸೋರ್ಸ್ ತರುವುದು. 'ಆಪ್ಟ್ ಸೋರ್ಸ್ ಎಂ17ಎನ್-ಡಿಬಿ' ಎಂದರೆ ಆಯಿತು. ಇದಕ್ಕೆ ಸುಡೋ (ರೂಟ್, ಅಂದರೆ ನಿರ್ವಾಹಕರ ಅಧಿಕಾರದಲ್ಲಿ ಓಡಿಸುವುದು) ಬೇಡ, ದಯವಿಟ್ಟು ಹಾಕಬೇಡಿ. ಸುಡೋ ಹಾಕಿದರೆ ಬಂದ ಫೈಲ್‌ಗಳೆಲ್ಲ ರೂಟ್ ಹೆಸರಿನಲ್ಲಿ ಬೀಳುತ್ತವೆ, ಆಮೇಲೆ ತಿದ್ದಲು ಪರದಾಡಬೇಕು. ಸೋರ್ಸ್ ಸಾಲು ಇಲ್ಲ ಎಂದು ಆಪ್ಟ್ ದೂರಿದರೆ, ರೆಪೊಸಿಟರಿಗಳ (ಪ್ಯಾಕೇಜ್ ಭಂಡಾರಗಳ) ಪಟ್ಟಿಯಲ್ಲಿ 'ಡೆಬ್-ಎಸ್‌ಆರ್‌ಸಿ' ಸೇರಿಸಬೇಕು ಎಂದರ್ಥ. ಹಳೆಯ ರೂಪದ ಪಟ್ಟಿಯಾದರೆ ಪ್ರತಿ 'ಡೆಬ್' ಸಾಲಿಗೂ ಜೊತೆಯಾಗಿ ಒಂದು ಸಾಲು ಬರೆಯಬೇಕು. ಹೊಸ ರೂಪದಲ್ಲಿ 'ಟೈಪ್ಸ್' ಎಂಬ ಸಾಲಿನಲ್ಲೇ 'ಡೆಬ್' ಪಕ್ಕದಲ್ಲಿ 'ಡೆಬ್-ಎಸ್‌ಆರ್‌ಸಿ' ಬರೆದರೆ ಮುಗಿಯಿತು. ಬರೆದ ಮೇಲೆ ಆಪ್ಟ್ ಅಪ್‌ಡೇಟ್.

ಕೆಳಗಿಳಿಯುವುದು ಮೂರು ಫೈಲ್. ಒಂದು 'ಒರಿಜ್' ಟಾರ್, ಅಂದರೆ ಮೂಲದವರು ಬಿಡುಗಡೆ ಮಾಡಿದ ಹಾಗೇ ಇರುವ ಕೋಡ್. ಇನ್ನೊಂದು 'ಡೆಬಿಯನ್' ಟಾರ್, ಡೆಬಿಯನ್‌ನವರು ಸೇರಿಸಿದ ಪ್ಯಾಚ್‌ಗಳು (ತಿದ್ದುಪಡಿಯ ಫೈಲ್‌ಗಳು) ಮತ್ತು ಕಟ್ಟುವ ವಿಧಾನ ಇರುವುದು ಅದರಲ್ಲಿ. ಮೂರನೆಯದು 'ಡಿಎಸ್‌ಸಿ', ಉಳಿದ ಎರಡರ ಚೆಕ್‌ಸಮ್ (ಫೈಲ್ ಬದಲಾಗಿದೆಯೇ ಎಂದು ತಿಳಿಸುವ ಸಂಖ್ಯೆ) ಮತ್ತು ಸಹಿ ಇರುವ ಪುಟ್ಟ ಪಠ್ಯ. ಬಿಚ್ಚುವಾಗ, ಸಹಿ ಪರೀಕ್ಷಿಸಲು ಆಗಲಿಲ್ಲ ಎಂದು ಒಂದು ಎಚ್ಚರಿಕೆ ಬರಬಹುದು. ಪ್ಯಾಕೇಜ್ ಮಾಡಿದವರ ಬಹಿರಂಗ ಕೀ ನಮ್ಮ ಯಂತ್ರದಲ್ಲಿ ಇಲ್ಲ ಅಂತಷ್ಟೇ ಅದರ ಅರ್ಥ. ಡೆಬಿಯನ್-ಕೀರಿಂಗ್ ಹಾಕಿಕೊಂಡರೆ ಕೀಗಳು ಬರುತ್ತವೆ. ಅದಿಲ್ಲದಿದ್ದರೂ ಭಯವಿಲ್ಲ. ರೆಪೊಸಿಟರಿಯ ಸಹಿಯಿಂದ ಶುರುಮಾಡಿ ಈ ಫೈಲ್‌ಗಳ ಚೆಕ್‌ಸಮ್‌ವರೆಗೆ ಆಪ್ಟ್ ಆಗಲೇ ಹೋಲಿಸಿ ನೋಡಿರುತ್ತದೆ.

ಬಿಚ್ಚಿದ ಫೋಲ್ಡರಿನಲ್ಲಿ 'ಡೆಬಿಯನ್' ಎಂಬ ಒಳಫೋಲ್ಡರ್ ಇದೆ. ಡೆಬಿಯನ್‌ನ ಯಾವ ಸೋರ್ಸ್ ತೆರೆದರೂ ನಾನು ಮೊದಲು ಓದುವುದು ಇದನ್ನೇ. 'ಕಂಟ್ರೋಲ್' ಫೈಲಿನಲ್ಲಿ ಕಟ್ಟಲು ಏನೇನು ಬೇಕು, ಏನೇನು ಹೊರಬರುತ್ತದೆ ಎಂಬ ಲೆಕ್ಕವಿದೆ. 'ರೂಲ್ಸ್' ಎಂಬುದು ಒಂದು ಮೇಕ್‌ಫೈಲ್, ಅಂದರೆ ಕಟ್ಟುವ ಹೆಜ್ಜೆಗಳನ್ನು ಬರೆದಿಟ್ಟದ್ದು. ಎಷ್ಟೋ ಪ್ಯಾಕೇಜ್‌ಗಳಲ್ಲಿ ಅದು ಮೂರ್ನಾಲ್ಕು ಸಾಲು ಅಷ್ಟೇ, ಉಳಿದ ಕೆಲಸವನ್ನೆಲ್ಲ ಡೆಬ್‌ಹೆಲ್ಪರ್ ನೋಡಿಕೊಳ್ಳುತ್ತದೆ. 'ಚೇಂಜ್‌ಲಾಗ್' ಸುಮ್ನೆ ಇತಿಹಾಸದ ಪುಟವಲ್ಲ. ಪ್ಯಾಕೇಜಿನ ಆವೃತ್ತಿ ಸಂಖ್ಯೆಯೇ ಅದರ ಮೊದಲ ಸಾಲಿನಿಂದ ಬರುತ್ತದೆ. ಇದು ನೆನಪಿರಲಿ, ಮುಂದೆ ಇದೇ ದೊಡ್ಡ ವಿಷಯ ಆಗುತ್ತದೆ.

ಏನನ್ನೂ ತಿದ್ದುವ ಮೊದಲು, ಬಂದದ್ದನ್ನು ಬಂದ ಹಾಗೇ ಒಮ್ಮೆ ಕಟ್ಟಿ ನೋಡಬೇಕು. ಈ ಹೆಜ್ಜೆಯನ್ನು ಬಿಡಬೇಡಿ ಎಂದು ಒತ್ತಿ ಹೇಳುತ್ತೇನೆ. ಹೀಗೆ ಮಾಡಿದರೆ, ನಂತರ ಏನಾದರೂ ಕೆಟ್ಟಾಗ ದೋಷ ನಮ್ಮ ತಿದ್ದುಪಡಿಯದೋ ಯಂತ್ರದ್ದೋ ಎಂಬ ಅನುಮಾನ ಉಳಿಯುವುದಿಲ್ಲ. ಕಟ್ಟಲು ಬೇಕಾದ ಸಾಮಾನು ತರಿಸಲು 'ಸುಡೋ ಆಪ್ಟ್ ಬಿಲ್ಡ್-ಡೆಪ್ ಎಂ17ಎನ್-ಡಿಬಿ' ಸಾಕು. ಕೆಲಸ ಮುಗಿದ ಮೇಲೆ ಅದೆಲ್ಲ ಯಂತ್ರದಲ್ಲಿ ಉಳಿಯಬಾರದು ಅಂದರೆ, ಡೆವ್‌ಸ್ಕ್ರಿಪ್ಟ್ಸ್ ಪ್ಯಾಕೇಜಿನ 'ಎಂಕೆ-ಬಿಲ್ಡ್-ಡೆಪ್ಸ್' ಬಳಸಿ. ಅದು ಎಲ್ಲ ಅಗತ್ಯಗಳನ್ನೂ ಹಿಡಿದಿಟ್ಟ ಒಂದು ಖಾಲಿ ಪ್ಯಾಕೇಜ್ ಮಾಡುತ್ತದೆ. ಆ ಒಂದನ್ನು ತೆಗೆದು ಆಟೋರಿಮೂವ್ ಕೊಟ್ಟರೆ ಉಳಿದವೂ ಹೋಗುತ್ತವೆ. ಡಿಸ್ಕ್ ಚಿಕ್ಕದಿರುವ ಹಳೆಯ ಯಂತ್ರಗಳಲ್ಲಿ ಇದರಿಂದ ತುಂಬಾ ಅನುಕೂಲ.

ಆಮೇಲೆ ಸೋರ್ಸ್ ಫೋಲ್ಡರಿನ ಒಳಗಿಂದ 'ಡಿಪಿಕೆಜಿ-ಬಿಲ್ಡ್‌ಪ್ಯಾಕೇಜ್', ಜೊತೆಗೆ ಮೂರು ಆಯ್ಕೆ: ಯುಎಸ್, ಯುಸಿ, ಬಿ. ಮೊದಲೆರಡು ಸಹಿ ಬೇಡ ಎನ್ನುತ್ತವೆ, ಮೂರನೆಯದು ಇನ್‌ಸ್ಟಾಲ್ ಮಾಡುವ ಪ್ಯಾಕೇಜ್ ಮಾತ್ರ ಸಾಕು ಎನ್ನುತ್ತದೆ. ಪರದೆಯ ಮೇಲೆ 'ಡಿಎಚ್' ಎಂದು ಶುರುವಾಗುವ ಸಾಲುಗಳು ಓಡುತ್ತವೆ: ಕಾನ್ಫಿಗರ್, ಬಿಲ್ಡ್, ಟೆಸ್ಟ್, ಇನ್‌ಸ್ಟಾಲ್, ಕೊನೆಗೆ ಬಿಲ್ಡ್‌ಡೆಬ್. ಇದರಲ್ಲಿ ಇರುವುದು ಹೆಚ್ಚಾಗಿ ಪಠ್ಯದ ಫೈಲ್‌ಗಳೇ ಆದ್ದರಿಂದ ಜಿಲಿಬ್‌ಸಿಯ ಹಾಗೆ ಕಾಯಿಸುವುದಿಲ್ಲ. ಮುಗಿದ ಮೇಲೆ ಫಲ ಸಿಗುವುದು ಒಂದು ಮೆಟ್ಟಿಲು ಮೇಲಿನ ಫೋಲ್ಡರಿನಲ್ಲಿ. ಇನ್‌ಸ್ಟಾಲ್ ಮಾಡುವ ಪ್ಯಾಕೇಜೇ ಆದ ಡೆಬ್ ಫೈಲಿನ ಹೆಸರು 'ಆಲ್' ಎಂದು ಮುಗಿಯುತ್ತದೆ. ಇದರಲ್ಲಿ ಯಂತ್ರಭಾಷೆ ಇಲ್ಲ, ಹಾಗಾಗಿ ಇಂಟೆಲ್ ಲ್ಯಾಪ್‌ಟಾಪ್‌ನಲ್ಲಿ ಕಟ್ಟಿದ್ದನ್ನೇ ರಾಸ್ಪ್‌ಬೆರಿ ಪೈ ಮೇಲೂ ಹಾಕಬಹುದು. ರೆಪೊಸಿಟರಿಯ ಡೆಬ್ ತಂದು, ನಾವು ಕಟ್ಟಿದ್ದರ ಪಕ್ಕದಲ್ಲಿಟ್ಟು 'ಡೆಬ್‌ಡಿಫ್' ಮಾಡಿದರೆ ಫೈಲ್‌ಗಳ ಪಟ್ಟಿ ಹೊಂದುತ್ತದೋ ಇಲ್ಲವೋ ಗೊತ್ತಾಗುತ್ತದೆ. ಫೈಲ್‌ಗಳ ಒಳಗಿನದನ್ನೂ ಹೋಲಿಸಬೇಕಾದರೆ ಡಿಫೋಸ್ಕೋಪ್.

ಬುನಾದಿ ಗಟ್ಟಿಯಾಯಿತು. ಇನ್ನು ತಿದ್ದುವುದು.

ನೇರವಾಗಿ ಯುಎಸ್‌ಆರ್ ಒಳಗಿನ ಮಿಮ್ ಫೈಲನ್ನೇ ತಿದ್ದಬಹುದಲ್ಲ ಎಂದು ಕೇಳುವವರಿದ್ದಾರೆ. ತಿದ್ದಬಹುದು, ಕೆಲಸವೂ ಮಾಡುತ್ತದೆ. ಆದರೆ ಪ್ಯಾಕೇಜಿಗೆ ಹೊಸ ಆವೃತ್ತಿ ಬಂದ ದಿನ ಅದು ಒಂದು ಮಾತೂ ಹೇಳದೆ ಅಳಿಸಿಹೋಗುತ್ತದೆ. ಒಬ್ಬರೇ ಬಳಸುವ ಯಂತ್ರವಾದರೆ ಮಿಮ್ ಫೈಲಿನ ಪ್ರತಿಯನ್ನು ನಿಮ್ಮ ಹೋಮ್ ಫೋಲ್ಡರಿನಲ್ಲಿ 'ಡಾಟ್ ಎಂ17ಎನ್ ಡಾಟ್ ಡಿ' ಎಂಬ ಫೋಲ್ಡರ್ ಮಾಡಿ ಅದರಲ್ಲಿಟ್ಟು ತಿದ್ದಿಕೊಳ್ಳಿ. ಅದು ಸರಿಯಾದ ದಾರಿಯೇ, ಪ್ಯಾಕೇಜ್ ಕಟ್ಟುವ ಅಗತ್ಯವೇ ಇಲ್ಲ. ಹಲವು ಯಂತ್ರ, ಪ್ರತಿ ಯಂತ್ರದಲ್ಲೂ ಹಲವು ಬಳಕೆದಾರರು ಎಂದಾಗ ಮಾತ್ರ ಪ್ಯಾಕೇಜೇ ವಾಸಿ.

ಈಗಿನ ಬಹುಪಾಲು ಡೆಬಿಯನ್ ಸೋರ್ಸ್‌ಗಳು '3.0 ಕ್ವಿಲ್ಟ್' ರೂಪದಲ್ಲಿರುತ್ತವೆ. ಡೆಬಿಯನ್ ಫೋಲ್ಡರಿನ 'ಸೋರ್ಸ್' ಒಳಗಿನ 'ಫಾರ್ಮ್ಯಾಟ್' ಫೈಲ್ ನೋಡಿದರೆ ಗೊತ್ತಾಗುತ್ತದೆ. ಇದರಲ್ಲಿ ಮೂಲದ ಕೋಡನ್ನು ಮುಟ್ಟುವ ಪ್ರತಿಯೊಂದು ಬದಲಾವಣೆಯೂ ಒಂದು ಹೆಸರಿರುವ ಪ್ಯಾಚ್ ಆಗಿರಬೇಕು. ನಾನು ಮಾಡುವ ಕ್ರಮ ಹೀಗೆ. ಪ್ಯಾಚ್‌ಗಳನ್ನು ನೋಡಿಕೊಳ್ಳುವ ಕ್ವಿಲ್ಟ್ ಎಂಬ ಸಲಕರಣೆಗೆ ಪ್ಯಾಚ್‌ಗಳ ಜಾಗ 'ಡೆಬಿಯನ್/ಪ್ಯಾಚಸ್' ಎಂದು ಪರಿಸರ ಚರದಲ್ಲಿ ತಿಳಿಸುತ್ತೇನೆ. 'ಕ್ವಿಲ್ಟ್ ಪುಶ್ ಹೈಫನ್ ಎ' ಕೊಟ್ಟು ಇರುವ ಪ್ಯಾಚ್‌ಗಳೆಲ್ಲ ಏರಿವೆಯೇ ಎಂದು ಖಚಿತ ಮಾಡಿಕೊಳ್ಳುತ್ತೇನೆ. 'ಕ್ವಿಲ್ಟ್ ನ್ಯೂ' ಕೊಟ್ಟು ಹೊಸ ಪ್ಯಾಚಿಗೆ ಹೆಸರಿಡುತ್ತೇನೆ. ತಿದ್ದುವ ಫೈಲನ್ನು 'ಕ್ವಿಲ್ಟ್ ಆ್ಯಡ್' ಮಾಡುತ್ತೇನೆ. ಇದು ತಿದ್ದುವುದಕ್ಕಿಂತ ಮೊದಲೇ ಆಗಬೇಕು. ಇಲ್ಲದಿದ್ದರೆ ಹಳೆಯ ರೂಪ ಏನಿತ್ತು ಎಂಬುದು ಕ್ವಿಲ್ಟ್‌ಗೆ ಗೊತ್ತಿರುವುದಿಲ್ಲ. ತಿದ್ದಿದ ಮೇಲೆ 'ಕ್ವಿಲ್ಟ್ ರಿಫ್ರೆಶ್'. ಹಾಗೆಯೇ ಪ್ಯಾಚಿನ ತಲೆಯಲ್ಲಿ ಎರಡು ಸಾಲು ವಿವರಣೆ ಬರೆದಿಡುತ್ತೇನೆ.

ಮಿಮ್ ಫೈಲಿನ ಒಳಗೆ ಏನಿದೆ ನೋಡೋಣ. ಲಿಸ್ಪ್ ನೋಡಿದವರಿಗೆ ಪರಿಚಿತ ಅನ್ನಿಸುತ್ತದೆ. ಎಲ್ಲವೂ ಆವರಣ ಚಿಹ್ನೆಗಳ ಒಳಗೆ. ಅರ್ಧವಿರಾಮದಿಂದ ಶುರುವಾಗುವುದು ಟಿಪ್ಪಣಿ. ಮೇಲ್ಗಡೆ ಭಾಷೆ ಮತ್ತು ವಿನ್ಯಾಸದ ಹೆಸರು, ಕೆಳಗೆ 'ಮ್ಯಾಪ್'. ಮ್ಯಾಪಿನ ಒಂದೊಂದು ಸಾಲಿನಲ್ಲೂ ಮೊದಲು ಒತ್ತುವ ಕೀಲಿ, ಆಮೇಲೆ ಮೂಡಬೇಕಾದ ಅಕ್ಷರ, ಎರಡೂ ಕೋಟ್ ಒಳಗೆ. ಆಲ್ಟ್‌ಜಿಆರ್ (ಬಲಗಡೆಯ ಆಲ್ಟ್) ಜೊತೆ ಒತ್ತುವ ಕೀಲಿಯಾದರೆ ಕೋಟ್ ಬದಲು ಇನ್ನೊಂದು ಆವರಣ, ಅದರಲ್ಲಿ ಜಿ, ಹೈಫನ್, ಕೀಲಿಯ ಅಕ್ಷರ. ಯಾವ ಆಲ್ಟ್‌ಜಿಆರ್ ಕೀಲಿಗಳಿಗೆ ಈಗಾಗಲೇ ಕೆಲಸವಿದೆ ಎಂದು ಗ್ರೆಪ್ (ಫೈಲಿನೊಳಗೆ ಹುಡುಕುವ ಕಮಾಂಡ್) ಮಾಡಿ ನೋಡಿ, ಖಾಲಿ ಇದ್ದ ಒಂದನ್ನು ಆರಿಸಿಕೊಂಡೆ. ಆ ಸಾಲಿನ ಬಲಗಡೆ ಕೋಟ್ ಒಳಗೆ ರ, ಜಾಯ್ನರ್, ಹಲಂತ.

ಜಾಯ್ನರ್ ಎಡಿಟರಿನಲ್ಲಿ ಕಾಣುವುದೇ ಇಲ್ಲ. ಇದೆಯೋ ಇಲ್ಲವೋ, ಸರಿಯಾದ ಜಾಗದಲ್ಲಿದೆಯೋ ಎಂದು ಕಣ್ಣಿನಿಂದ ಹೇಳುವುದು ಸಾಧ್ಯವಿಲ್ಲ. ಬೈಟ್‌ಗಳನ್ನೇ ಓದಬೇಕು. ಆ ಸಾಲನ್ನು ಗ್ರೆಪ್ ಮಾಡಿ 'ಹೆಕ್ಸ್‌ಡಂಪ್ ಹೈಫನ್ ದೊಡ್ಡ ಸಿ'ಗೆ ಕೊಟ್ಟರೆ ಎಲ್ಲ ಬಯಲಾಗುತ್ತದೆ. ಯುಟಿಎಫ್-8ರಲ್ಲಿ ರ ಅಂದರೆ 'ಇ0 ಬಿ2 ಬಿ0'. ಜಾಯ್ನರ್ ಅಂದರೆ 'ಇ2 80 8ಡಿ'. ಹಲಂತ ಅಂದರೆ 'ಇ0 ಬಿ3 8ಡಿ'. ಕೊನೆಯ ಎರಡೂ 8ಡಿ ಎಂದೇ ಮುಗಿಯುವುದರಿಂದ ಅವಸರದಲ್ಲಿ ಓದಿದರೆ ಅದಲುಬದಲಾದದ್ದು ತಿಳಿಯುವುದಿಲ್ಲ. ನಡುವೆ '80' ಇರುವುದು ಮೊದಲು ಬರಬೇಕು, 'ಬಿ3' ಇರುವುದು ಆಮೇಲೆ. ಹೀಗೆ ಒಂಬತ್ತು ಬೈಟ್ ಸಾಲಾಗಿ ಕಂಡರೆ ಕೆಲಸ ಸರಿಯಾಗಿದೆ.

ಪ್ಯಾಚ್ ಮಾಡದೆ ಸುಮ್ನೆ ಫೈಲ್ ತಿದ್ದಿ 'ಬಿ' ಆಯ್ಕೆಯಲ್ಲಿ ಕಟ್ಟಿದರೂ ಡೆಬ್ ಹೊರಬರುತ್ತದೆ, ಯಾರೂ ತಡೆಯುವುದಿಲ್ಲ. ಆ ಆಯ್ಕೆ ಇಲ್ಲದೆ, ಸೋರ್ಸ್ ಸಮೇತ ಕಟ್ಟಲು ಹೋದಾಗ ಮಾತ್ರ ಡಿಪಿಕೆಜಿ-ಸೋರ್ಸ್ ತಡೆದು, ಮೂಲದಲ್ಲಿ ಲೆಕ್ಕಕ್ಕೆ ಸಿಗದ ಬದಲಾವಣೆ ಇದೆ ಎಂದು ನಿಲ್ಲಿಸುತ್ತದೆ. 'ಡಿಪಿಕೆಜಿ-ಸೋರ್ಸ್ ಕಮಿಟ್' ಮಾಡು ಎಂದೂ ಹೇಳುತ್ತದೆ. ನನ್ನ ಮಟ್ಟಿಗೆ ಸೋರ್ಸ್ ಸಮೇತ ಕಟ್ಟುವುದೇ ಸರಿ. ಎಂ17ಎನ್‌ನ ಲೈಸೆನ್ಸ್ ಎಲ್‌ಜಿಪಿಎಲ್. ತಿದ್ದಿ ಹಂಚುವ ಹಕ್ಕು ನಮಗೆ ಸಿಕ್ಕಿರುವುದು ಅದರಿಂದ. ಹಂಚುವಾಗ ತಿದ್ದಿದ ಸೋರ್ಸನ್ನೂ ಸಿಗುವಂತೆ ಮಾಡುವುದು ಅದರದೇ ಇನ್ನೊಂದು ಭಾಗ. ಹಾಗಾಗಿ ಪೆನ್‌ಡ್ರೈವ್‌ನಲ್ಲಿ ಡೆಬ್ ಜೊತೆ ಆ ಮೂರು ಸೋರ್ಸ್ ಫೈಲ್‌ಗಳೂ ಹೋಗುತ್ತವೆ. ನಾಳೆ ವಾಚನಾಲಯವನ್ನು ಬೇರೆ ಯಾರಾದರೂ ನೋಡಿಕೊಂಡರೆ, ಇಲ್ಲಿ ಏನು ಬದಲಾಗಿದೆ ಎಂದು ಅವರು ತಾವೇ ತೆರೆದು ಓದಬಹುದು.

ಈಗ ಆವೃತ್ತಿ ಸಂಖ್ಯೆ. ಇಡೀ ಕೆಲಸದಲ್ಲಿ ಜಾಸ್ತಿ ಯೋಚನೆ ಬೇಡುವುದು ಇದೇ. ಸಂಖ್ಯೆ ಬದಲಿಸದೆ ಬಿಟ್ಟರೆ, ರೆಪೊಸಿಟರಿಯಲ್ಲೂ ಅದೇ ಸಂಖ್ಯೆಯ ಬೇರೆ ಪ್ಯಾಕೇಜ್ ಇದೆ ಎಂದು ಆಪ್ಟ್ ಗುರುತಿಸಿ, ಅದನ್ನೇ ಮತ್ತೆ ತಂದು ಹಾಕಲು ನೋಡುತ್ತದೆ. ಹಾಗಾಗಿ ಬಾಲ ಸೇರಿಸಬೇಕು. 'ಡಿಸಿಎಚ್ ಲೋಕಲ್' ಅದಕ್ಕೇ ಇರುವುದು. ಯಾವ ಬಾಲ ಅನ್ನುವುದು ಪ್ರಶ್ನೆ.

ಮೂಲ ಆವೃತ್ತಿ 1.0-3 ಎಂದಿಟ್ಟುಕೊಳ್ಳಿ. ಕನ್ನಡ ಎಂದು ಸೂಚಿಸಲು ಪ್ಲಸ್ ಹಾಕಿ ಕೆಎನ್1 ಎಂದು ಸೇರಿಸುವುದು ಚೆನ್ನಾಗಿ ಕಾಣುತ್ತದೆ. ಆದರೆ ಸ್ಥಿರ ಆವೃತ್ತಿಯ ತಿದ್ದುಪಡಿಗಳಿಗೆ ಡೆಬಿಯನ್ ಕೊಡುವ ಬಾಲ ಪ್ಲಸ್ ಡೆಬ್13ಯು1 ಎಂಬ ರೀತಿಯದು. ಡಿಪಿಕೆಜಿ ಈ ಬಾಲಗಳನ್ನು ಅಕ್ಷರಕ್ರಮದಲ್ಲಿ ಹೋಲಿಸುತ್ತದೆ. ಇಂಗ್ಲಿಷ್ ವರ್ಣಮಾಲೆಯಲ್ಲಿ ಕೆ ಬರುವುದು ಡಿ ಆದ ಮೇಲೆ. ಹಾಗಾದರೆ ನಮ್ಮದೇ ಹೊಸದು ಎಂದಾಯಿತು, ಡೆಬಿಯನ್ ಕಳಿಸಿದ ತಿದ್ದುಪಡಿ ಆ ಯಂತ್ರಕ್ಕೆ ಬರುವುದೇ ಇಲ್ಲ. ಪ್ಲಸ್ ಬದಲು ಟಿಲ್ಡೆ (~) ಹಾಕಿದರೆ ಇದರ ಉಲ್ಟಾ. ಟಿಲ್ಡೆ ಎಲ್ಲಕ್ಕಿಂತ ಕಡಿಮೆ, ಏನೂ ಇಲ್ಲದಿರುವುದಕ್ಕಿಂತಲೂ ಕಡಿಮೆ. ಮುಂದಿನ ಅಪ್‌ಗ್ರೇಡ್‌ನಲ್ಲೇ ನಮ್ಮದು ಮಾಯ. ನಾನು ಇಟ್ಟದ್ದು ಪ್ಲಸ್ ಎಎ1. ಇದು 1.0-3ಕ್ಕಿಂತ ಹೊಸದು. ಪ್ಲಸ್ ಡೆಬ್‌ಗಿಂತ ಹಳೆಯದು. ಡೆಬಿಯನ್ ಸುಮ್ನೆ ಮರುಕಟ್ಟಿದಾಗ ಹಾಕುವ ಪ್ಲಸ್ ಬಿ1ಕ್ಕಿಂತಲೂ ಹಳೆಯದು. ನಂಬಿಕೆ ಬಾರದಿದ್ದರೆ 'ಡಿಪಿಕೆಜಿ ಕಂಪೇರ್-ವರ್ಷನ್ಸ್' ಕೊಟ್ಟು ಎರಡು ಸಂಖ್ಯೆಗಳ ನಡುವೆ 'ಎಲ್‌ಟಿ' ಎಂದು ಕೇಳಿ. ಅದು ಪರದೆಗೆ ಏನೂ ಬರೆಯುವುದಿಲ್ಲ, ಕಮಾಂಡ್ ಮುಗಿದಾಗ ಬಿಟ್ಟುಹೋಗುವ ಸ್ಥಿತಿ ಸಂಖ್ಯೆಯನ್ನು ಎಕೋ ಮಾಡಿ ನೋಡಬೇಕು. 0 ಅಂದರೆ ಹೌದು, 1 ಅಂದರೆ ಇಲ್ಲ.

'ಆಪ್ಟ್-ಮಾರ್ಕ್ ಹೋಲ್ಡ್' ಕೊಟ್ಟು ಪ್ಯಾಕೇಜನ್ನು ಅಪ್‌ಗ್ರೇಡ್ ಆಗದಂತೆ ಕಟ್ಟಿಹಾಕುವುದು ಇನ್ನೊಂದು ದಾರಿ. ಕೀಲಿ ವಿನ್ಯಾಸಕ್ಕೆ ಅದು ನಡೆದೀತು. ನೆಟ್‌ವರ್ಕ್‌ಗೆ ತೆರೆದುಕೊಂಡ ಯಾವ ಪ್ಯಾಕೇಜಿಗೂ ಹೋಲ್ಡ್ ಹಾಕಬೇಡಿ. ಭದ್ರತಾ ತಿದ್ದುಪಡಿ ಬಾರದೆ ಉಳಿಯುವುದಕ್ಕಿಂತ ನಮ್ಮ ತಿದ್ದುಪಡಿ ಅಳಿಸಿಹೋಗುವುದೇ ಮೇಲು.

ಇನ್‌ಸ್ಟಾಲ್ ಮಾಡಲು 'ಸುಡೋ ಆಪ್ಟ್ ಇನ್‌ಸ್ಟಾಲ್', ಆಮೇಲೆ ಚುಕ್ಕೆ, ಓರೆಗೆರೆ, ಡೆಬ್ ಫೈಲಿನ ಹೆಸರು. ಚುಕ್ಕೆ ಮತ್ತು ಓರೆಗೆರೆ ಇಲ್ಲದಿದ್ದರೆ ಆಪ್ಟ್ ಅದನ್ನು ರೆಪೊಸಿಟರಿಯ ಪ್ಯಾಕೇಜಿನ ಹೆಸರು ಎಂದುಕೊಂಡು ಹುಡುಕುತ್ತದೆ. ನಂತರ 'ಐಬಸ್ ರೀಸ್ಟಾರ್ಟ್'. ಎಡಿಟರ್ ತೆರೆದು ಹೊಸ ಕೀಲಿ, ಯ, ಆಕಾರ, ಸೊನ್ನೆ, ಕ, ಹಲಂತ ಒತ್ತಿದರೆ 'ರ‍್ಯಾಂಕ್' ಬರುತ್ತದೆ. 'ಸೂರ್ಯ' ಮೊದಲಿನಂತೆಯೇ ಇದೆಯೇ ಎಂದೂ ನೋಡಿಕೊಳ್ಳಿ.

ಕೆಲವು ಯಂತ್ರಗಳಲ್ಲಿ ಬಲಗಡೆಯ ಆಲ್ಟ್ ಒತ್ತಿದರೆ ಏನೂ ಆಗದೇ ಇರಬಹುದು. ಪ್ಯಾಕೇಜ್ ಸರಿಯಾಗಿಯೇ ಇರುತ್ತದೆ. ಅಡಿಯಲ್ಲಿರುವ ಇಂಗ್ಲಿಷ್ ಕೀಬೋರ್ಡ್ ಅಮೆರಿಕದ ಸಾದಾ ವಿನ್ಯಾಸವಾಗಿದ್ದರೆ, ಅದರಲ್ಲಿ ಬಲಗಡೆಯ ಆಲ್ಟ್ ಕೂಡ ಬರೀ ಆಲ್ಟ್. ಅದನ್ನು ರೂಪಾಯಿ ಚಿಹ್ನೆ ಇರುವ ಭಾರತದ ಇಂಗ್ಲಿಷ್ ವಿನ್ಯಾಸಕ್ಕೆ ಬದಲಿಸಿದರೆ ಆಲ್ಟ್‌ಜಿಆರ್ ಜೀವ ಪಡೆಯುತ್ತದೆ.

ಬೇರೆ ಡಿಸ್ಟ್ರಿಬ್ಯೂಷನ್ ಬಳಸುವವರಿಗೆ ಒಂದೆರಡು ಮಾತು. ಉಬುಂಟು, ಮಿಂಟ್‌ಗಳಲ್ಲಿ ಇದೇ ಕ್ರಮ. ಫೆಡೋರಾದಲ್ಲಿ 'ಡಿಎನ್‌ಎಫ್ ಡೌನ್‌ಲೋಡ್ ಸೋರ್ಸ್' ಕೊಟ್ಟು ಸೋರ್ಸ್ ಆರ್‌ಪಿಎಂ ತಂದು, 'ಡಿಎನ್‌ಎಫ್ ಬಿಲ್ಡ್‌ಡೆಪ್' ಮಾಡಿ, ಸ್ಪೆಕ್ ಫೈಲಿಗೆ ಪ್ಯಾಚ್ ಸೇರಿಸಿ ಆರ್‌ಪಿಎಂಬಿಲ್ಡ್ ಓಡಿಸಬೇಕು. ಆರ್ಚ್‌ನಲ್ಲಿ ಪಿಕೆಜಿಬಿಲ್ಡ್ ಫೈಲ್ ತಂದು ಮೇಕ್‌ಪಿಕೆಜಿ.

ಡೆಬಿಯನ್‌ನ ಮುಂದಿನ ಆವೃತ್ತಿಗೆ ಹೋದಾಗ ಅಲ್ಲಿನ ಹೊಸ ಸೋರ್ಸ್ ತಂದು, ನಮ್ಮ ಪ್ಯಾಚ್ ಫೈಲನ್ನು 'ಪ್ಯಾಚಸ್' ಫೋಲ್ಡರಿಗೆ ಹಾಕಿ, 'ಸೀರೀಸ್' ಫೈಲಿನ ಕೊನೆಯಲ್ಲಿ ಅದರ ಹೆಸರು ಬರೆದು 'ಕ್ವಿಲ್ಟ್ ಪುಶ್' ಮಾಡಬೇಕು. ಸುತ್ತಲಿನ ಸಾಲುಗಳು ಬದಲಾಗಿದ್ದರೆ ಅದು ಏರುವುದಿಲ್ಲ. ಆಗ 'ಎಫ್' ಆಯ್ಕೆ ಕೊಟ್ಟು ಏರಿಸಿ, ಹೊಂದದೇ ಉಳಿದ ಭಾಗವನ್ನು 'ರೆಜ್' ಫೈಲಿನಲ್ಲಿ ನೋಡಿ ಕೈಯಿಂದ ಸೇರಿಸಿ, ರಿಫ್ರೆಶ್ ಮಾಡಬೇಕು. ಮತ್ತೆ ಹೆಕ್ಸ್‌ಡಂಪ್. ಇದೇ ಪ್ಯಾಚನ್ನು 'ರಿಪೋರ್ಟ್‌ಬಗ್' ಮೂಲಕ ಡೆಬಿಯನ್‌ಗೂ ಕಳಿಸಬಹುದು, ಅದಕ್ಕೆ 'ಪ್ಯಾಚ್' ಎಂಬ ಗುರುತು ಹಚ್ಚಲು ಅವಕಾಶವಿದೆ. ಅವರು ಸೇರಿಸಿಕೊಂಡರೆ ಸೀರೀಸ್ ಫೈಲಿನಿಂದ ಆ ಒಂದು ಸಾಲು ತೆಗೆದುಹಾಕಿದರೆ ಸಾಕು.